ಅಭ್ಯಾಸ ಪಾಠ: ತಪ್ಪಿ ಕೊರೆದ ರಿವೆಟ್ ರಂಧ್ರ

ವಿಷಯ: ಗಣಿತ
ತರಗತಿ: 8
ಕಲಿಕಾಂಶ: ಅನುಪಾತದ ಬಳಕೆ
ಅವಧಿ: 40 ನಿಮಿಷ
ಸಾಮಗ್ರಿ: ಕೈವಾರ, ಅಳತೆಪಟ್ಟಿ, ರಟ್ಟು

ಪೀಠಿಕೆ
ಅಮೆರಿಕದಲ್ಲಿ ಹವ್ಯಾಸಿಗಳು ಕಿಟ್ ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲೇ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಾರೆ. ಒರೆಗಾನ್ ರಾಜ್ಯದ ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳು ಇಂಥವು. ತಗಡುಗಳನ್ನು ಬಿಗಿಯುವುದು ಸಾವಿರಾರು ರಿವೆಟ್‌ಗಳು. ಡ್ರಿಲ್ ವಾಲಿದರೆ ರಂಧ್ರ ಮೊಟ್ಟೆಯಾಕಾರವಾಗುತ್ತದೆ. ಅದರಲ್ಲಿ ಸಡಿಲಾಗಿ ಕೂತ ರಿವೆಟ್ ಹಾರಾಟದಲ್ಲಿ ಅಲುಗಾಡಿ, ಸುತ್ತ ಕಪ್ಪು ಪುಡಿ ಕಾರುತ್ತದೆ. ರಂಧ್ರ ತಗಡಿನ ಅಂಚಿಗೆ ತೀರ ಹತ್ತಿರವಿದ್ದರೆ ಅಂಚು ಹರಿಯುವ ಅಪಾಯವಿದೆ.

ಸಮಸ್ಯೆ
ರೂಢಿಯ ಪರಿಹಾರವೆಂದರೆ ರಂಧ್ರವನ್ನು ದುಂಡಗೆ ದೊಡ್ಡದು ಮಾಡಿ ಮುಂದಿನ ಅಳತೆಯ ರಿವೆಟ್ ಹಾಕುವುದು: 1/8 ಇಂಚಿನ (ಸುಮಾರು 3.2 ಮಿ.ಮೀ.) ಬದಲು 5/32 ಇಂಚು (ಸುಮಾರು 4 ಮಿ.ಮೀ.). ಇದು ಎಲ್ಲ ಕಡೆಯೂ ಸಲ್ಲುತ್ತದೆಯೇ?

ಮೂರು ಪರೀಕ್ಷೆ (ಉಬ್ಬುತಲೆಯ ರಿವೆಟ್ಟಿಗೆ; ವ್ಯಾಸ = ವ್ಯಾ)
1. ಕೆಟ್ಟ ಭಾಗವೆಲ್ಲ ಹೊಸ ವೃತ್ತದೊಳಗೆ ಬರಬೇಕು.
2. ಹೊಸ ಕೇಂದ್ರದಿಂದ ತಗಡಿನ ಅಂಚಿಗೆ ಕನಿಷ್ಠ 2 ವ್ಯಾ ಇರಬೇಕು.
3. ಪಕ್ಕದ ರಿವೆಟ್ಟಿನ ಕೇಂದ್ರಕ್ಕೆ ಕನಿಷ್ಠ 3 ವ್ಯಾ ಇರಬೇಕು.

ಚಟುವಟಿಕೆ
ಮೂರು ಗುಂಪುಗಳಿಗೆ ಮೂರು ರಂಧ್ರ ಕೊಡಿ. ಎಲ್ಲದರಲ್ಲೂ ಪಕ್ಕದ ರಿವೆಟ್ 20 ಮಿ.ಮೀ. ದೂರದಲ್ಲಿದೆ.
ಕ) ರಂಧ್ರದ ಉದ್ದ 3.6, ಅಂಚು 10 ಮಿ.ಮೀ.
ಖ) ಉದ್ದ 3.6, ಅಂಚು 7 ಮಿ.ಮೀ.
ಗ) ಉದ್ದ 4.6, ಅಂಚು 10 ಮಿ.ಮೀ.

‘ಕ’ ಮೂರರಲ್ಲೂ ತೇರ್ಗಡೆ. ‘ಗ’ ಮೊದಲ ಪರೀಕ್ಷೆಯಲ್ಲೇ ಬೀಳುತ್ತದೆ. ಪಾಠದ ಜೀವ ಇರುವುದು ‘ಖ’ದಲ್ಲಿ. ಹಳೆಯ ರಿವೆಟ್ಟಿಗೆ 6.4 ಸಾಕಿತ್ತು, 7 ಇತ್ತು. ಹೊಸದಕ್ಕೆ 8 ಬೇಕು.

“ದೊಡ್ಡ ರಿವೆಟ್ ಇನ್ನೂ ಗಟ್ಟಿಯಲ್ಲವೇ ಸಾರ್?” ಎಂದು ಮಕ್ಕಳು ಕೇಳುವುದು ಸಹಜ. ಉತ್ತರ ಹೇಳಿಬಿಡಬೇಡಿ, ಹತ್ತು ಪಟ್ಟು ಹಿಗ್ಗಿಸಿ ರಟ್ಟಿನ ಮೇಲೆ ಬರೆಸಿ. ಅಂಚಿನಿಂದ 70 ಮಿ.ಮೀ. ದೂರದ ಬಿಂದುವಿನಲ್ಲಿ 16 ಮತ್ತು 20 ಮಿ.ಮೀ. ತ್ರಿಜ್ಯದ ವೃತ್ತಗಳು. ವೃತ್ತಕ್ಕೂ ಅಂಚಿಗೂ ನಡುವೆ ಉಳಿದ ಲೋಹವನ್ನು ಅಳೆಸಿ: ಮೊದಲು 54, ಬಳಿಕ 50. ಉಳಿಯಬೇಕಾದದ್ದು ಒಂದೂವರೆ ವ್ಯಾ: ಮೊದಲು 48, ಬಳಿಕ 60. ರಿವೆಟ್ ದಪ್ಪವಾದಂತೆ ಬೇಕಾದ ಲೋಹ ಹೆಚ್ಚಿತು, ಇರುವ ಲೋಹ ಕಡಿಮೆಯಾಯಿತು. ಮಗು ಇದನ್ನು ತಾನೇ ಅಳೆದು ಕಾಣಬೇಕು.

ಸಮಾರೋಪ
‘ಖ’ ಮತ್ತು ‘ಗ’ಗಳಲ್ಲಿ ಕಿಟ್ ತಯಾರಕರನ್ನು ಕೇಳಿ ಭಾಗವನ್ನೇ ಬದಲಿಸಬೇಕು, ಇಲ್ಲವೇ ಅವರು ಒಪ್ಪಿದಂತೆ ಹೆಚ್ಚುವರಿ ತಗಡು ಸೇರಿಸಬೇಕು. ರಿವೆಟ್ಟಿನ ತಲೆ ರಂಧ್ರವನ್ನು ಮುಚ್ಚಿಬಿಡುವುದರಿಂದ, ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಅಳತೆ ಮೊದಲು, ರಿವೆಟ್ ಆಮೇಲೆ.

ಮೌಲ್ಯಮಾಪನ
4 ಮಿ.ಮೀ. ರಿವೆಟ್ಟೂ ಸರಿಹೋಗದೆ 4.8 ಮಿ.ಮೀ. ಹಾಕಬೇಕಾದರೆ ಅಂಚಿಗೆ ಎಷ್ಟು ದೂರ ಬೇಕು? ‘ಗ’ ರಂಧ್ರಕ್ಕೆ ಅದು ಹೊಂದುತ್ತದೆಯೇ? ಮೂರೂ ಪರೀಕ್ಷೆ ಬರೆದು ತೋರಿಸಿ.

ವೀಕ್ಷಕರಿಗೆ
ಪ್ರಶಿಕ್ಷಣಾರ್ಥಿ ‘ಖ’ದ ಉತ್ತರವನ್ನು ತಾನೇ ಹೇಳಿದರೋ, ಮಕ್ಕಳಿಂದ ಅಳೆಸಿದರೋ ಎಂಬುದನ್ನು ಮುಖ್ಯವಾಗಿ ಗುರುತಿಸಿ.