ಬೈರಿಗೆ ಬಿಟ್‌ಗಳಿಗೊಂದು ಪೆಟ್ಟಿಗೆ

ನಾವು ಅಕ್ಷರ ಕಲಿತೆವು. ಅಂಕಿ ಕಲಿತೆವು. ಈಗ ಬಸ್ಸಿನ ಬೋರ್ಡು ಓದುತ್ತೇವೆ. ಅಂಗಡಿ ಚೀಟಿ ಓದುತ್ತೇವೆ. ಆದರೆ ಬೈರಿಗೆ ಬಿಟ್‌ನ ಮೇಲೆ ಇರುವ ಅಂಕಿಯನ್ನು ಓದಿದ್ದೀವಾ?

ಬಿಟ್ ಅಂದರೆ ತೂತು ಕೊರೆಯುವ ಉಕ್ಕಿನ ಕಡ್ಡಿ. ಅದರ ಮೈ ಸುರುಳಿ ಸುರುಳಿಯಾಗಿರುತ್ತೆ. ಬುಡ ನುಣ್ಣಗಿರುತ್ತೆ. ಆ ಬುಡದ ಮೇಲೆ ಒಂದು ಸಣ್ಣ ಅಂಕಿ ಒತ್ತಿರುತ್ತಾರೆ. 4 ಅಂತ ಇದ್ದರೆ ಅದು 4 ಮಿಲಿಮೀಟರ್ ದಪ್ಪದ ಬಿಟ್. ಅದು 4 ಮಿಲಿಮೀಟರ್ ತೂತು ಕೊರೆಯುತ್ತೆ. ತೀರಾ ಸಣ್ಣ ಬಿಟ್‌ಗಳ ಮೇಲೆ ಅಂಕಿ ಒತ್ತಲು ಜಾಗ ಇರಲ್ಲ. ಅವುಗಳನ್ನು ಅಳತೆ ನೋಡಿಯೇ ಗುರುತಿಸಬೇಕು.

ಈ ಪಾಠದಲ್ಲಿ ಬಿಟ್‌ಗಳನ್ನು ಇಡಲು ಒಂದು ಮರದ ಪೆಟ್ಟಿಗೆ ಮಾಡೋಣ. ಓದುತ್ತಾ ಮಾಡೋಣ. ಮಾಡುತ್ತಾ ಓದೋಣ.

ಪೆಟ್ಟಿಗೆ ಯಾಕೆ ಬೇಕು?

ನಮ್ಮ ಕಡೆ ಬಿಟ್‌ಗಳು ಎಲ್ಲಿರುತ್ತವೆ? ಗೋಣಿಚೀಲದಲ್ಲಿ ಇರುತ್ತವೆ. ಹಳೇ ಡಬ್ಬದಲ್ಲಿ ಮೊಳೆಗಳ ಜೊತೆ ಇರುತ್ತವೆ. ಸುತ್ತಿಗೆ, ಉಳಿ, ಗರಗಸ ಎಲ್ಲ ಅದರ ಮೇಲೆ ಬೀಳುತ್ತವೆ. ಇದರಿಂದ ಮೂರು ತೊಂದರೆ.

ಮೊದಲನೆಯದು, ಮೊನೆ ಮೊಂಡಾಗುತ್ತೆ. ಉಕ್ಕಿಗೆ ಉಕ್ಕು ತಾಗಿದರೆ ಹರಿತ ಹೋಗುತ್ತೆ. ಸಣ್ಣ ಬಿಟ್ ಮುರಿದೇ ಹೋಗುತ್ತೆ.

ಎರಡನೆಯದು, ತುಕ್ಕು ಹಿಡಿಯುತ್ತೆ. ತುಕ್ಕಿಗೆ ಬೇಕಾಗೋದು ನೀರು ಮತ್ತು ಗಾಳಿ. ಮಳೆಗಾಲದಲ್ಲಿ ಗಾಳಿಯಲ್ಲೇ ನೀರಿನ ಪಸೆ ಇರುತ್ತೆ. ಗೋಣಿಚೀಲ ಆ ಪಸೆಯನ್ನು ಹೀರಿ ಇಟ್ಟುಕೊಳ್ಳುತ್ತೆ. ನಮ್ಮ ಕೈ ಬೆವರಿನಲ್ಲಿ ಉಪ್ಪಿದೆ. ಉಪ್ಪು ತಾಗಿದ ಉಕ್ಕಿಗೆ ತುಕ್ಕು ಇನ್ನೂ ಬೇಗ ಹತ್ತುತ್ತೆ.

ಮೂರನೆಯದು, ಬೇಕಾದಾಗ ಬೇಕಾದ್ದು ಸಿಗಲ್ಲ. ಆಗ ಸಿಕ್ಕಿದ ಬಿಟ್ ಹಾಕಿ ಕೊರೆಯುತ್ತೇವೆ. ತೂತು ಚಿಕ್ಕದಾದರೆ ತಿರುಪುಮೊಳೆ ಬಿಗಿಯುವಾಗ ಮರ ಸೀಳುತ್ತೆ. ತೂತು ದೊಡ್ಡದಾದರೆ ಮೊಳೆ ಹಿಡಿಯಲ್ಲ. ಬಾಗಿಲ ಕೀಲು ಜೋಲುತ್ತೆ. ಮಾಡಿದ ಕೆಲಸ ಮತ್ತೆ ಮಾಡಬೇಕು. ಎರಡನೇ ಸಲದ ಕೆಲಸಕ್ಕೆ ಯಾರೂ ಕೂಲಿ ಕೊಡಲ್ಲ.

ಬೆರಳಿನ ಬುದ್ಧಿ, ಅಂಕಿಯ ಬುದ್ಧಿ

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ದಿನ ಹೀಗೆ ಮಾತು ನಡೆಯಿತು. ಓದಿ ನೋಡಿ.

ಅಕ್ಕ: ಆಚಾರ್ರೇ, ಇದು ಎಷ್ಟನೇ ನಂಬರ್ ಬಿಟ್ ಅಂತ ಹೆಂಗೆ ಹೇಳ್ತೀರ?

ಆಚಾರ್ರು: ನಂಬರ್ ಯಾರು ನೋಡ್ತಾರೆ ಕಣಕ್ಕ? ಬೆರಳಲ್ಲಿ ಹಿಡಿದರೆ ಗೊತ್ತಾಗುತ್ತೆ. ಮೂವತ್ತು ವರ್ಷದ ಕೈ ಇದು.

ಅಕ್ಕ: ಸರಿ. ನೀವು ಏಣಿ ಮೇಲೆ ನಿಂತಿದ್ದೀರ ಅಂತ ಇಟ್ಕೊಳ್ಳಿ. ಕೆಳಗೆ ನಿಮ್ಮ ಮಗ ಇದ್ದಾನೆ. ಬಿಟ್ ಕೊಡು ಅಂದರೆ ಅವನು ಯಾವುದು ಕೊಡ್ತಾನೆ?

ಆಚಾರ್ರು: ಅದೇ ನೋಡಿ ಪಜೀತಿ! ನಾಲ್ಕು ಸಲ ಬೇರೆ ಬೇರೆ ಕೊಡ್ತಾನೆ. ನಾನೇ ಇಳಿದು ಬರಬೇಕು.

ಅಕ್ಕ: ಹಂಗಾದ್ರೆ ಜಾಗದ ಮುಂದೆ ನಂಬರ್ ಬರೆದಿಟ್ರೆ?

ಆಚಾರ್ರು: ಐದು ಕೊಡು ಅಂದ್ರೆ ಐದೇ ಕೊಡ್ತಾನೆ. ಆಯ್ತು, ಮಾಡೇಬಿಡೋಣ.

ಆಚಾರ್ರ ಬೆರಳಿನ ಬುದ್ಧಿ ದೊಡ್ಡದು. ಅದು ಪುಸ್ತಕದಿಂದ ಬರಲ್ಲ. ಆದರೆ ಅದು ಅವರ ಕೈಯಲ್ಲೇ ಉಳಿಯುತ್ತೆ. ಬರೆದಿಟ್ಟ ಅಂಕಿ ಮಗನಿಗೂ ಆಗುತ್ತೆ, ಮಗಳಿಗೂ ಆಗುತ್ತೆ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೂ ಆಗುತ್ತೆ. ಅದಕ್ಕೇ ಈ ಪೆಟ್ಟಿಗೆಯಲ್ಲಿ ಮರದ ಕೆಲಸವೂ ಇದೆ, ಬರವಣಿಗೆಯೂ ಇದೆ.

ಯಾವ ಮರ?

ಹೊಸ ಹಲಗೆ ಕೊಳ್ಳಲೇಬೇಕು ಅಂತಿಲ್ಲ. ಹಳೇ ಬಾಗಿಲು, ಹಳೇ ಕಿಟಕಿಯ ತುಂಡು ಸಾಕು. ಹಳೇ ಮರ ಚೆನ್ನಾಗಿ ಒಣಗಿರುತ್ತೆ. ತೋಪಡ ಹಿಡಿಯುವ ಮುಂಚೆ ಅದರೊಳಗೆ ಮೊಳೆ ಇದೆಯಾ ನೋಡಿ.

ಹೊಸ ಮರವಾದರೆ ಹಲಸು ಆಗುತ್ತೆ. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ಆಗುತ್ತೆ. ಮರ ಯಾವುದೇ ಇರಲಿ, ಒಣಗಿರಬೇಕು. ಹಸಿ ಮರದ ಪೆಟ್ಟಿಗೆ ಆಮೇಲೆ ಕುಗ್ಗುತ್ತೆ, ಸೊಟ್ಟಗಾಗುತ್ತೆ. ಒಳಗಿನ ಬಿಟ್‌ಗೂ ತುಕ್ಕು ಹಿಡಿಸುತ್ತೆ.

ಬೇಕಾಗುವ ತುಂಡುಗಳು

ಮೊದಲು ಅಳತೆ ಓದಲು ಕಲಿಯೋಣ. 10 ಮಿಲಿಮೀಟರ್ ಸೇರಿದರೆ 1 ಸೆಂಟಿಮೀಟರ್. 1.2 ಸೆಂ.ಮೀ. ಅಂದರೆ 12 ಮಿ.ಮೀ. 2.5 ಸೆಂ.ಮೀ. ಅಂದರೆ 25 ಮಿ.ಮೀ. ಒಂದು ಇಂಚು ಅಂದರೆ 25.4 ಮಿ.ಮೀ. ಹಾಗಾಗಿ 2.5 ಸೆಂ.ಮೀ. ಹೆಚ್ಚುಕಡಿಮೆ ಒಂದು ಇಂಚು.

ಹಲಗೆಯ ದಪ್ಪ 1.2 ಸೆಂ.ಮೀ. ಇರಲಿ.

ಉದ್ದದ ಪಕ್ಕ: 2 ತುಂಡು. ಉದ್ದ 23 ಸೆಂ.ಮೀ., ಎತ್ತರ 4 ಸೆಂ.ಮೀ.
ಗಿಡ್ಡ ಪಕ್ಕ: 2 ತುಂಡು. ಉದ್ದ 14 ಸೆಂ.ಮೀ., ಎತ್ತರ 4 ಸೆಂ.ಮೀ.
ತಳ: 1 ಹಲಗೆ. 23 ಸೆಂ.ಮೀ. ಉದ್ದ, 16.4 ಸೆಂ.ಮೀ. ಅಗಲ.
ಮುಚ್ಚಳ: 1 ಹಲಗೆ. ತಳದಷ್ಟೇ ಅಳತೆ.
ತೂತಿನ ತುಂಡು: 1. ಉದ್ದ 20 ಸೆಂ.ಮೀ., ಅಗಲ 4 ಸೆಂ.ಮೀ., ದಪ್ಪ 3 ಸೆಂ.ಮೀ.
ತೆಳು ಕಡ್ಡಿ: 1. ಉದ್ದ 20 ಸೆಂ.ಮೀ., ದಪ್ಪ ಅರ್ಧ ಸೆಂ.ಮೀ.

ಇದಲ್ಲದೆ ಒಂದೂವರೆ ಇಂಚಿನ ಮೊಳೆ, ಮರದ ಅಂಟು, 2 ಸಣ್ಣ ಕೀಲು, ಅದಕ್ಕೆ ಗಿಡ್ಡ ತಿರುಪುಮೊಳೆ, 1 ಕೊಂಡಿ, ಉಪ್ಪುಕಾಗದ ಬೇಕು.

ಈ ಪೆಟ್ಟಿಗೆ 7 ಬಿಟ್‌ಗಳಿಗೆ. 2, 3, 4, 5, 6, 7, 8 ಮಿ.ಮೀ. ಬಿಟ್‌ಗಳು ಇದರಲ್ಲಿ ಕೂರುತ್ತವೆ. ಮಾಮೂಲಿ 2 ಮಿ.ಮೀ. ಬಿಟ್ ಸುಮಾರು 5 ಸೆಂ.ಮೀ. ಉದ್ದ ಇರುತ್ತೆ. 8 ಮಿ.ಮೀ. ಬಿಟ್ ಸುಮಾರು 12 ಸೆಂ.ಮೀ. ಇರುತ್ತೆ. ನಿಮ್ಮ ಬಿಟ್ ಇನ್ನೂ ಉದ್ದ ಇದ್ದರೆ ಗಿಡ್ಡ ಪಕ್ಕ, ತಳ, ಮುಚ್ಚಳ ಮೂರನ್ನೂ ಅಷ್ಟೇ ಹೆಚ್ಚಿಸಿ.

ಮಾಡುವ ಕ್ರಮ

1. ತೂತಿನ ತುಂಡಿಗೆ ಗುರುತು ಹಾಕಿ. ಈ ತುಂಡಿನ 3 ಸೆಂ.ಮೀ. ಅಗಲದ ಮುಖ ಮೇಲೆ ಬರಲಿ. ಅದರ ನಡುವೆ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಎಡ ತುದಿಯಿಂದ 2.5 ಸೆಂ.ಮೀ.ಗೆ ಒಂದು ಗುರುತು. ಅಲ್ಲಿಂದ ಮತ್ತೆ 2.5ಕ್ಕೆ ಇನ್ನೊಂದು. ಹೀಗೆ 7 ಗುರುತು ಹಾಕಿ. ಕೊನೆಗೂ 2.5 ಸೆಂ.ಮೀ. ಉಳಿದರೆ ನಿಮ್ಮ ಲೆಕ್ಕ ಸರಿ.

2. ಗುರುತಿನ ಮೇಲೆ ಮೊಳೆ ಇಟ್ಟು ಮೆಲ್ಲಗೆ ತಟ್ಟಿ. ಸಣ್ಣ ಕುಳಿ ಬೀಳುತ್ತೆ. ಬಿಟ್‌ನ ಮೊನೆ ಅಲ್ಲೇ ನಿಲ್ಲುತ್ತೆ, ಜಾರಲ್ಲ.

3. ಬಿಟ್‌ನ ಮೊನೆಯಿಂದ 2.5 ಸೆಂ.ಮೀ. ಅಳೆದು ಅಲ್ಲಿ ಬಣ್ಣದ ದಾರ ಸುತ್ತಿ. ದಾರದವರೆಗೆ ಇಳಿದ ತಕ್ಷಣ ನಿಲ್ಲಿಸಿ. ತೂತು ಆಚೆ ಬದಿಗೆ ಹೋಗಬಾರದು.

4. ಈಗ ಕೊರೆಯಿರಿ. ಮೊದಲ ಗುರುತಿಗೆ 2ನೇ ನಂಬರ್ ಬಿಟ್. ಎರಡನೆಯದಕ್ಕೆ 3. ಹೀಗೆ ಕೊನೆಯದಕ್ಕೆ 8. ಯಾವ ಬಿಟ್ ಯಾವ ತೂತಿನಲ್ಲಿ ಇರಬೇಕೋ ಆ ತೂತನ್ನು ಅದೇ ಬಿಟ್ ಕೊರೆಯುತ್ತೆ. ತುಂಡನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಮೇಜಿಗೆ ಬಿಗಿದು ಕೊರೆಯಿರಿ. ಕೈ ಡ್ರಿಲ್ಲಿನ ಚಕ್ರವನ್ನು ನಿಧಾನವಾಗಿ ತಿರುಗಿಸಿ. ಅದು ನೆಟ್ಟಗೆ ನಿಂತಿದೆಯಾ ಅಂತ ಪಕ್ಕದಲ್ಲಿ ಒಬ್ಬರು ನೋಡುತ್ತಿರಲಿ.

5. ತೂತು ಆದಮೇಲೆ ಅದೇ ಬಿಟ್‌ನ್ನು ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿ. ತೂತು ತುಸು ಸಡಿಲ ಆಗುತ್ತೆ. ಇದು ಮುಖ್ಯ. ಮಳೆಗಾಲದಲ್ಲಿ ಮರ ಉಬ್ಬುತ್ತೆ. ಬಿಗಿ ತೂತಿನಲ್ಲಿ ಬಿಟ್ ಸಿಕ್ಕಿಕೊಳ್ಳುತ್ತೆ.

6. ಅಂಕಿ ಬರೆಯಿರಿ. ತುಂಡಿನ 4 ಸೆಂ.ಮೀ. ಅಗಲದ ಮುಖದ ಮೇಲೆ, ಪ್ರತಿ ತೂತಿನ ನೇರಕ್ಕೆ ಅದರ ಅಂಕಿ ಬರೆಯಿರಿ. ಮೊದಲು ಸೀಸದಕಡ್ಡಿಯಲ್ಲಿ ಬರೆದು, ಆಮೇಲೆ ಬಣ್ಣದಲ್ಲಿ ತಿದ್ದಿ. ಬಿಟ್‌ನ ಮೇಲೆ 1, 2, 3 ಅಂತಲೇ ಒತ್ತಿರುತ್ತಾರೆ. ನಾವೂ ಹಾಗೇ ಬರೆಯೋಣ. 6ರ ಕೆಳಗೆ ಒಂದು ಗೆರೆ ಹಾಕಿ. ಇಲ್ಲದಿದ್ದರೆ ತಲೆಕೆಳಗಾದಾಗ ಅದು 9ರಂತೆ ಕಾಣುತ್ತೆ.

7. ಪೆಟ್ಟಿಗೆ ಕೂಡಿಸಿ. ಎರಡು ಉದ್ದದ ಪಕ್ಕಗಳ ನಡುವೆ ಎರಡು ಗಿಡ್ಡ ಪಕ್ಕ ಬರಲಿ. ಮೂಲೆಮಟ್ಟ ಇಟ್ಟು ನೋಡಿ. ಅಂಟು ಹಚ್ಚಿ. ಮೊಳೆಗಿಂತ ಸಣ್ಣ ಬಿಟ್‌ನಿಂದ ಮೊದಲು ತೂತು ಮಾಡಿ, ಆಮೇಲೆ ಮೊಳೆ ಹೊಡೆಯಿರಿ. ತುದಿ ಸೀಳಲ್ಲ. ಆಮೇಲೆ ತಳದ ಹಲಗೆಯನ್ನು ಹೀಗೇ ಕೂಡಿಸಿ.

8. ತೂತಿನ ತುಂಡನ್ನು ಒಳಗೆ ಮಲಗಿಸಿ. ಅಂಕಿಗಳು ಮೇಲೆ ಕಾಣಲಿ. ತುಂಡು ನಮ್ಮ ಕಡೆಯ ಉದ್ದದ ಪಕ್ಕಕ್ಕೆ ತಾಗಿರಲಿ. ತೂತುಗಳು ಆಚೆ ಬದಿಗೆ ಇರಲಿ. ತುಂಡು ಜರುಗದ ಹಾಗೆ ಅದರ ಮುಂದೆ ತೆಳು ಕಡ್ಡಿಯನ್ನು ತಳಕ್ಕೆ ಅಂಟಿಸಿ. ತುಂಡಿಗೆ ಮಾತ್ರ ಅಂಟು ಹಾಕಬೇಡಿ. ಅದು ಎತ್ತಲು ಬರಬೇಕು.

9. ಆಚೆ ಬದಿಗೆ ಎರಡು ಕೀಲು ಹಾಕಿ ಮುಚ್ಚಳ ಕೂಡಿಸಿ. ನಮ್ಮ ಬದಿಗೆ ಕೊಂಡಿ ಹಾಕಿ. ಮೂಲೆಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿ.

ಬಳಸೋದು ಹೇಗೆ?

ಬಿಟ್‌ನ ಬುಡ ತೂತಿನೊಳಗೆ ಇರಲಿ. ಮೊನೆ ಹೊರಗಿರಲಿ. ಮೊನೆಯನ್ನು ಒಳಗೆ ತೂರಿಸಿದರೆ ಅದು ತೂತನ್ನೇ ಕೆರೆಯುತ್ತೆ.

ಕೆಲಸ ಶುರು ಮಾಡುವಾಗ ತುಂಡನ್ನು ಬಿಟ್‌ಗಳ ಸಮೇತ ಎತ್ತಿ, ಮೇಜಿನ ಮೇಲೆ ನಿಲ್ಲಿಸಿ. ಏಳು ಬಿಟ್‌ಗಳೂ ಸಾಲಾಗಿ ನಿಲ್ಲುತ್ತವೆ. ಅಂಕಿಗಳು ನಮ್ಮ ಕಡೆ ನೋಡುತ್ತವೆ. ಕೆಲಸ ಮುಗಿದ ಮೇಲೆ ಒಂದು ಸಲ ನೋಡಿ. ಖಾಲಿ ತೂತು ಕಂಡರೆ ಒಂದು ಬಿಟ್ ಎಲ್ಲೋ ಉಳಿದಿದೆ ಅಂತ ಅರ್ಥ. ಯಾವುದು ಅಂತ ಅಂಕಿಯೇ ಹೇಳುತ್ತೆ. ಯಜಮಾನರ ಮನೆ ಬಿಡುವ ಮುಂಚೆಯೇ ಹುಡುಕಬಹುದು.

ಪ್ರತಿ ಸಲವೂ ಬಿಟ್ ಒರೆಸಿ ಇಡಿ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಟ್ಟೆಗೆ ಹಾಕಿ ಸವರಿ. ಎಣ್ಣೆಯ ಪದರ ನೀರನ್ನು ತಡೆಯುತ್ತೆ. ಅದೇ ಬಟ್ಟೆಯನ್ನು ಮಡಿಸಿ ಬಿಟ್‌ಗಳ ಮೇಲಿಟ್ಟು ಮುಚ್ಚಳ ಹಾಕಿ. ಬಿಟ್‌ಗಳು ಅಲುಗಾಡಲ್ಲ. ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ. ನೆಲದಲ್ಲಿ ಪಸೆ ಇರುತ್ತೆ, ಗೆದ್ದಲೂ ಬರುತ್ತೆ. ಮಕ್ಕಳ ಕೈಗೆ ಸಿಗದ ಹಲಗೆ ಮೇಲೆ ಇಡಿ.

ಈಗ ಕರೆಂಟಿನ ಡ್ರಿಲ್ಲು, ಬ್ಯಾಟರಿ ಡ್ರಿಲ್ಲು ಬಂದಿವೆ. ಆದರೂ ದುಂಡು ಬುಡದ ಈ ಬಿಟ್‌ಗಳು ಅವುಗಳಿಗೂ ಆಗುತ್ತವೆ. ಕರೆಂಟ್ ಇಲ್ಲದ ದಿನ ಕೈ ಡ್ರಿಲ್ಲೇ ಗತಿ. ಪೆಟ್ಟಿಗೆ ಎರಡಕ್ಕೂ ಒಂದೇ.

ಒಂದು ಮಾಹಿತಿ

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆ ಶುರು ಮಾಡಿತು. ಇದರಲ್ಲಿ 18 ಕಸುಬುಗಳಿವೆ. ಬಡಗಿ ಕೆಲಸವೂ ಒಂದು. ಆಯ್ಕೆಯಾದವರಿಗೆ ತರಬೇತಿ ಇದೆ. ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವು ಇದೆ. ಒಂದು ಮನೆಯಿಂದ ಒಬ್ಬರಿಗೆ ಮಾತ್ರ. ಹೆಸರು ನೋಂದಾಯಿಸಲು ಹಣ ಕೊಡಬೇಕಾಗಿಲ್ಲ. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಚಾರಿಸಿ. ಅರ್ಜಿಯಲ್ಲಿ ಏನು ಬರೆದಿದೆ ಅಂತ ನೀವೇ ಓದಿ. ಓದಿದ ಮೇಲೆ ಸಹಿ ಹಾಕಿ. ಸಿಕ್ಕಿದ ಉಪಕರಣ ಬಹಳ ದಿನ ಬಾಳಬೇಕಾದರೆ ಅದಕ್ಕೊಂದು ಜಾಗ ಬೇಕು.

ಹೆಸರು ಬರೆದವರು

ನಮ್ಮ ಹಾಸನ ಜಿಲ್ಲೆಯ ಕುಶಲಕರ್ಮಿಗಳಿಗೆ ಬರವಣಿಗೆ ಹೊಸದಲ್ಲ. ಬೇಲೂರಿನ ಚೆನ್ನಕೇಶವ ಗುಡಿ 1117ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿ ಕೆಲಸ ಮಾಡಿದ ದಾಸೋಜ ಮತ್ತು ಅವರ ಮಗ ಚಾವಣ ತಾವು ಕಡೆದ ವಿಗ್ರಹಗಳ ಮೇಲೆ ಹೆಸರು ಕೆತ್ತಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿ ಇದೆ. ಅಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಇವತ್ತಿಗೂ ಕಾಣುತ್ತೆ. ಉಳಿ ಹಿಡಿದ ಕೈಯೇ ಅಕ್ಷರವನ್ನೂ ಬರೆಯಿತು. ಅದಕ್ಕೇ ಅವರ ಹೆಸರು ಉಳಿಯಿತು.

ನಿಮ್ಮ ಪೆಟ್ಟಿಗೆಯ ಮುಚ್ಚಳದ ಮೇಲೂ ನಿಮ್ಮ ಹೆಸರು ಬರಲಿ. ಯಾರ ಮನೆಯಲ್ಲಿ ಮರೆತು ಬಂದರೂ ಅದು ವಾಪಸ್ ಬರುತ್ತೆ.

ಓದಿ, ಉತ್ತರ ಹೇಳಿ

1. ತುಕ್ಕು ಹಿಡಿಯಲು ಏನೇನು ಬೇಕು?
2. ತೂತು ಕೊರೆದ ಮೇಲೆ ಬಿಟ್‌ನ್ನು ಮತ್ತೆ ಮತ್ತೆ ಆಡಿಸೋದು ಯಾಕೆ?
3. ತೂತಿನ ತುಂಡಿಗೆ ಅಂಟು ಹಾಕಬಾರದು. ಯಾಕೆ?

ಲೆಕ್ಕ ಮಾಡಿ

1. ಬಿಟ್ಟ ಜಾಗ ತುಂಬಿ: 2.5, 5, 7.5, ____, 12.5, ____, 17.5
2. ನಾಲ್ಕು ಪಕ್ಕಗಳಿಗೆ 4 ಸೆಂ.ಮೀ. ಅಗಲದ ಪಟ್ಟಿ ಎಷ್ಟು ಉದ್ದ ಬೇಕು? 23 + 23 + 14 + 14 = ____ ಸೆಂ.ಮೀ. ಗರಗಸ ತಿನ್ನುವ ಮರಕ್ಕೆ 6 ಸೆಂ.ಮೀ. ಸೇರಿಸಿದರೆ ಎಷ್ಟು?

ಮುಚ್ಚಳದ ಮೇಲೆ ಹೀಗೆ ಬರೆಯಿರಿ

ಹೆಸರು: ____________
ಊರು: ____________
ಒಳಗಿರುವ ಬಿಟ್‌ಗಳು: ____