ಸಕ್ಕರೆ ಕಾಯಿಲೆಯ ಮಾತ್ರೆ

ನಾವು ಉಂಡ ಮುದ್ದೆ, ಅನ್ನ, ರೊಟ್ಟಿ ಹೊಟ್ಟೆಯಲ್ಲಿ ಕರಗುತ್ತದೆ. ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಇನ್ಸುಲಿನ್ ಎಂಬ ರಸ ಈ ಸಕ್ಕರೆಯನ್ನು ಮೈಗೆಲ್ಲ ಒದಗಿಸುತ್ತದೆ. ಈ ರಸ ಸಾಲದಿದ್ದರೆ, ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ, ಸಕ್ಕರೆ ರಕ್ತದಲ್ಲೇ ಹೆಚ್ಚುತ್ತದೆ. ಇದೇ ಸಕ್ಕರೆ ಕಾಯಿಲೆ. ಹಾಗೇ ಬಿಟ್ಟರೆ ಕಣ್ಣು, ಕಿಡ್ನಿ, ಹೃದಯ, ಕಾಲಿನ ನರ ಕೆಡುತ್ತವೆ.

ಮಾತ್ರೆಯಿಂದ ಕಾಯಿಲೆ ಹತೋಟಿಗೆ ಬರುತ್ತದೆ. ಆದರೆ ಮಾತ್ರೆ ತಿನ್ನುವ ಕ್ರಮ ತಪ್ಪಿದರೆ ಅಪಾಯ.

ಎರಡು ಬಗೆಯ ಮಾತ್ರೆ

ಮೆಟ್‌ಫಾರ್ಮಿನ್ ಎಂಬುದು ಒಂದು ಮಾತ್ರೆ. ಇದನ್ನು ಊಟದ ಜೊತೆ ಅಥವಾ ಊಟವಾದ ಮೇಲೆ ತಿನ್ನಬೇಕು. ಮೊದಮೊದಲು ಹೊಟ್ಟೆ ತೊಳಸಬಹುದು, ಭೇದಿ ಆಗಬಹುದು. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ.

ಗ್ಲಿಮಿಪಿರೈಡ್ ಎಂಬುದು ಇನ್ನೊಂದು. ಇದು ಇನ್ಸುಲಿನ್ ರಸವನ್ನು ಹೆಚ್ಚು ಸುರಿಸುತ್ತದೆ. ಇದನ್ನು ತಿಂದು ಊಟ ಬಿಟ್ಟರೆ ರಕ್ತದ ಸಕ್ಕರೆ ತೀರಾ ಇಳಿದುಹೋಗುತ್ತದೆ. ಕೆಲವು ಸಲ ಎರಡು ಔಷಧಿಯೂ ಒಂದೇ ಮಾತ್ರೆಯಲ್ಲಿ ಇರುತ್ತವೆ. ನಿಮ್ಮದು ಯಾವುದು? ಡಾಕ್ಟರನ್ನೋ ನರ್ಸಮ್ಮನನ್ನೋ ಕೇಳಿ ತಿಳಿಯಿರಿ.

ಏಕಾದಶಿಯ ದಿನ

ಒಂದು ಮನೆ. ಅತ್ತೆಗೆ ಸಕ್ಕರೆ ಕಾಯಿಲೆ. ಏಕಾದಶಿ ದಿನ ಅವರಿಗೆ ಮೈಯೆಲ್ಲ ಬೆವರಿತು. ಕೈ ನಡುಗಿತು. ಕಣ್ಣು ಮಂಜಾಯಿತು.

“ಪಿತ್ತ ಇರಬೇಕು, ಮಲಗಿಸು” ಎಂದರು ಪಕ್ಕದ ಮನೆಯವರು.

ಸೊಸೆ ಕೇಳಿದಳು: “ಅತ್ತೆ, ಬೆಳಿಗ್ಗೆ ಏನು ತಿಂದ್ರಿ?”

“ಏನೂ ಇಲ್ಲ ಕಣಮ್ಮ. ಉಪವಾಸ ಅಲ್ವಾ? ಮಾತ್ರೆ ಒಂದು ನುಂಗಿದೆ.”

ಸೊಸೆಗೆ ಅರ್ಥವಾಯಿತು. ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕದಡಿದಳು.

“ಅಯ್ಯೋ, ನನಗೆ ಸಕ್ಕರೆ ಕೊಡ್ತೀಯಾ? ಉಪವಾಸಾನೂ ಕೆಡುತ್ತೆ!”

“ಜೀವ ಇದ್ರೆ ಇನ್ನೊಂದು ಏಕಾದಶಿ ಬರುತ್ತೆ ಅತ್ತೆ. ಮೊದಲು ಕುಡೀರಿ.”

15 ನಿಮಿಷದಲ್ಲಿ ನಡುಕ ನಿಂತಿತು. ಆಮೇಲೆ ಅನ್ನ ಉಣ್ಣಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದಳು. ಈ ಮಾತ್ರೆಯ ಶಕ್ತಿ ಬಹಳ ಹೊತ್ತು ಇರುತ್ತದೆ. ಸಕ್ಕರೆ ಮತ್ತೆ ಇಳಿಯಬಹುದು. ಆದ್ದರಿಂದ ಸುಧಾರಿಸಿದರೂ ಡಾಕ್ಟರಿಗೆ ತೋರಿಸಬೇಕು.

15 ನಿಮಿಷವಾದರೂ ನಡುಕ ನಿಲ್ಲದಿದ್ದರೆ ಇನ್ನೊಮ್ಮೆ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ. ಉಸಿರು ಕಟ್ಟುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ. ಕೂಡಲೇ 108ಕ್ಕೆ ಫೋನ್ ಮಾಡಿ.

ನೆನಪಿಡಿ

1. ಉಪವಾಸಕ್ಕೆ ಮುಂಚೆ ಡಾಕ್ಟರನ್ನು ಕೇಳಿ. ಏಕಾದಶಿ ಇರಲಿ, ರಂಜಾನ್ ಇರಲಿ.
2. ಒಂದು ಹೊತ್ತು ಮಾತ್ರೆ ಮರೆತರೆ, ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.
3. ಪಕ್ಕದ ಮನೆಯವರ ಮಾತ್ರೆ ನಿಮಗಲ್ಲ. ನಿಮ್ಮದು ಅವರಿಗಲ್ಲ.
4. ವಾಂತಿ, ಭೇದಿ, ಜ್ವರ ಬಂದು ಊಟ ಸೇರದಿದ್ದರೆ ಬೇಗ ಆಸ್ಪತ್ರೆಗೆ ಹೋಗಿ. ಮಾತ್ರೆ ತಿನ್ನಬೇಕೋ ಬೇಡವೋ ಕೇಳಿ.
5. ಬಸುರಿಯಾದರೆ ತಡಮಾಡದೆ ಡಾಕ್ಟರಿಗೆ ಹೇಳಿ.
6. ಗುಣವಾಯಿತೆಂದು ನೀವೇ ಮಾತ್ರೆ ಬಿಡಬೇಡಿ. ರಕ್ತ ಪರೀಕ್ಷೆ, ಕಿಡ್ನಿ ಪರೀಕ್ಷೆ ಆಗಾಗ ಮಾಡಿಸಿ.

ಅಕ್ಕಂದಿರೇ, ಈಗ ನಿಮಗೆ ಅಂಕಿ ಓದಲು ಬರುತ್ತದೆ. ಮಾತ್ರೆಯ ಶೀಟು ಕೈಗೆ ತೆಗೆದುಕೊಳ್ಳಿ. ಅದರಲ್ಲಿ 500 ಇದೆಯೇ? 1 ಇದೆಯೇ, 2 ಇದೆಯೇ? ಡಾಕ್ಟರ ಚೀಟಿಯಲ್ಲೂ ಅದೇ ಹೆಸರು, ಅದೇ ಅಂಕಿ ಇರಬೇಕು. ಬೇರೆ ಇದ್ದರೆ ಔಷಧಿ ಅಂಗಡಿಯಲ್ಲಿ ಕೇಳಿ. ಕೇಳಲು ಸಂಕೋಚ ಬೇಡ. ಅವಧಿ ಮುಗಿಯುವ ತಿಂಗಳು, ವರ್ಷವನ್ನೂ ನೋಡಿ.

ಅಭ್ಯಾಸ

ಬಿಟ್ಟ ಸ್ಥಳ ತುಂಬಿರಿ:
1. ಮೆಟ್‌ಫಾರ್ಮಿನ್ ಮಾತ್ರೆಯನ್ನು ______ ಜೊತೆ ತಿನ್ನಬೇಕು.
2. ಎಚ್ಚರ ತಪ್ಪಿದವರ ______ ಏನೂ ಹಾಕಬಾರದು.

ಬರೆಯಿರಿ: ಒಂದು ಕಾಗದದಲ್ಲಿ ‘ಬೆಳಿಗ್ಗೆ’, ‘ರಾತ್ರಿ’ ಎಂದು ಬರೆಯಿರಿ. ಮನೆಯಲ್ಲಿ ಯಾರು ಯಾವ ಮಾತ್ರೆ ತಿನ್ನಬೇಕು ಎಂದು ಅದರ ಮುಂದೆ ಬರೆಯಿರಿ. ಮಾತ್ರೆ ಡಬ್ಬಿಗೆ ಅಂಟಿಸಿರಿ.