ಕಂಬದಲ್ಲಿ ಕರೆಂಟು: ಮಾಡಬೇಕಾದ್ದು, ಮಾಡಬಾರದ್ದು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪೇಟೆಬೀದಿ, ಬಸ್ ನಿಲ್ದಾಣ, ರೇಷ್ಮೆಗೂಡಿನ ಮಾರುಕಟ್ಟೆ, ಜಾತ್ರೆ ಬಯಲುಗಳಲ್ಲಿ ಓಡಾಡುವ ಎಲ್ಲರ ಗಮನಕ್ಕೆ.

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬೀದಿಗಳೂ ಮೈಸೂರು ಹೆದ್ದಾರಿಯೂ ಮಳೆನೀರಲ್ಲಿ ಮುಳುಗಿದವು. ಅದಾಗಿ ವಾರಕ್ಕೆ, ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಸಿದ್ದಾಪುರದಲ್ಲಿ ನೀರು ನಿಂತ ರಸ್ತೆಯಲ್ಲಿ ಸ್ಕೂಟರ್ ಜಾರಿ, ಆಸರೆಗೆ ಕಂಬ ಹಿಡಿದ 23ರ ಯುವತಿ ಪ್ರಾಣ ಕಳೆದುಕೊಂಡಳು. ಮರುವರ್ಷ ನವೆಂಬರ್ 19ರಂದು ಅದೇ ವೈಟ್‌ಫೀಲ್ಡ್‌ನ ಹೋಪ್ ಫಾರ್ಮ್ ಬಳಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ 11 ಕೆ.ವಿ. ತಂತಿ ತುಳಿದು ತಾಯಿಯೂ ಹಸುಗೂಸೂ ಹೋದರು. ಇವರು ಯಾರೂ ನಿಷಿದ್ಧ ಜಾಗಕ್ಕೆ ಕಾಲಿಟ್ಟವರಲ್ಲ.

ಕಬ್ಬಿಣದ ಕಂಬದೊಳಗೆ ತಂತಿಯ ಸಿಪ್ಪೆ ಸವೆದು ಲೋಹಕ್ಕೆ ತಗುಲಿದರೆ ಫ್ಯೂಸ್ ಹಾರಬೇಕು. ಅರ್ಥಿಂಗ್ ಕೆಟ್ಟಿದ್ದರೆ ಹಾರುವುದಿಲ್ಲ. ಅರ್ಥಿಂಗ್‌ನ ಪ್ರತಿರೋಧ 50 ಓಂ ಇದ್ದರೆ 230 ವೋಲ್ಟಿಗೆ ಹರಿಯುವುದು 5 ಆಂಪಿಯರ್‌ಗೂ ಕಡಿಮೆ. 16 ಆಂಪಿಯರ್ ಫ್ಯೂಸಿಗೆ ಅದು ಗೊತ್ತೇ ಆಗದು. ಮನುಷ್ಯನ ಎದೆಬಡಿತ ಕೆಡಿಸಲು ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಸಾಕು. ಕಂಬ ಮಾತ್ರ ಎಂದಿನಂತೆಯೇ ಕಾಣುತ್ತದೆ.

ಮಾಡಬಾರದ್ದು

ಕರೆಂಟು ಇದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಬೇಡಿ. ಅಂಗೈ ಹಿಂಭಾಗದಿಂದ ಮುಟ್ಟಿದರೆ ಏನೂ ಆಗದು ಎಂಬುದು ಜೀವ ತೆಗೆಯುವ ನಂಬಿಕೆ.

ಟೆಸ್ಟರ್ ಹೊತ್ತಲಿಲ್ಲ ಎಂದು ಧೈರ್ಯ ಮಾಡಬೇಡಿ. ಅದರ ಪುಟ್ಟ ದೀಪ ಹೊತ್ತುವುದು ನಿಮ್ಮ ಮೈಮೂಲಕ ನೆಲಕ್ಕೆ ದಾರಿ ಸಿಕ್ಕಾಗ. ರಬ್ಬರ್ ಚಪ್ಪಲಿ ಹಾಕಿಕೊಂಡು ಒಣನೆಲದ ಮೇಲೆ ನಿಂತರೆ ಕರೆಂಟಿದ್ದರೂ ಮಂಕಾಗಿರಬಹುದು. ಹೊತ್ತಿದರೆ ಅಪಾಯ ಇದೆ ಎಂದೇ ತಿಳಿಯಿರಿ. ಹೊತ್ತದಿದ್ದರೆ ಇಲ್ಲ ಎಂದಲ್ಲ. ಬೀದಿದೀಪದ ಕಂಬವಂತೂ ಹಗಲು ಸುಮ್ಮನಿದ್ದು, ಸಂಜೆ ದೀಪ ಹಾಕಿದ ಮೇಲಷ್ಟೇ ಶಾಕ್ ಹೊಡೆಯಬಹುದು.

ಕಂಬಕ್ಕೂ ಸ್ಟೇ ವೈರಿಗೂ ದನ ಕಟ್ಟಬೇಡಿ, ಬಟ್ಟೆ ಒಣಗಿಸುವ ತಂತಿ ಬಿಗಿಯಬೇಡಿ. ಗಣಪತಿ ಪೆಂಡಾಲಿಗೆ, ಕರಗಕ್ಕೆ ಸೀರಿಯಲ್ ಸೆಟ್ ಹಾಕುವವರು ಕಂಬದಿಂದ ಕೊಕ್ಕೆ ಎಳೆಯಬೇಡಿ. ಆನೆಹಾವಳಿ ಎಂದು ಕಾಡಂಚಿನ ಬೇಲಿಗೆ ನೇರ ಲೈನ್ ಕೊಡುವುದು ಅಪರಾಧ. ಆ ಬೇಲಿ ಆನೆಯನ್ನೂ ಕೊಲ್ಲುತ್ತದೆ, ಕತ್ತಲಲ್ಲಿ ಬರುವ ನೆರೆಮನೆಯವನನ್ನೂ.

ಶಾಕ್ ತಗುಲಿ ಅಂಟಿಕೊಂಡವರನ್ನು ಬರಿಗೈಲಿ ಎಳೆಯಬೇಡಿ.

ಮಾಡಬೇಕಾದ್ದು

ಪ್ರಾಣಿಗಳನ್ನು ಗಮನಿಸಿ. ನಾಯಿ ಕಂಬದ ಬಳಿ ಕುಂಯ್ ಎಂದು ಹಾರಿತೇ, ಹಸು ದಿನವೂ ನೀರು ಕುಡಿಯುವ ತೊಟ್ಟಿಗೆ ಬಾಯಿಡಲು ಹಿಂಜರಿಯಿತೇ? ಹಸುವಿನ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು, ಕಾಲಿಗೆ ಚಪ್ಪಲಿಯಿಲ್ಲ. ನೆಲದ ಕರೆಂಟು ನಮಗಿಂತ ಮೊದಲು ಅದಕ್ಕೆ ತಾಗುತ್ತದೆ. ಕೈಗೆ ಒಮ್ಮೆ ಜುಂ ಎಂದರೂ ಸಾಕು, ಅಲ್ಲಿಂದ ಸರಿಯಿರಿ.

ಮಕ್ಕಳನ್ನು ದೂರವಿಡಿ, ಒಬ್ಬರು ಕಾವಲು ನಿಲ್ಲಿ, ಬೆಸ್ಕಾಂಗೆ 1912ಕ್ಕೆ ಕರೆಮಾಡಿ ಕಂಬದ ಸಂಖ್ಯೆ ಅಥವಾ ಗುರುತು ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಲೈನ್‌ಮನ್ ಬಂದು ಸರಿಪಡಿಸುವವರೆಗೆ ದೂರದಿಂದಲೇ ಕಾವಲು ಮುಂದುವರಿಸಿ.

ತಂತಿ ಹರಿದು ಬಿದ್ದಿದ್ದರೆ ಕನಿಷ್ಠ 10 ಮೀಟರ್ ದೂರ ನಿಲ್ಲಿ. ಹತ್ತಿರ ಸಿಕ್ಕಿಹಾಕಿಕೊಂಡಿದ್ದರೆ ಎರಡೂ ಪಾದ ಕೂಡಿಸಿ, ನೆಲದಿಂದ ಎತ್ತದೆ ತೆವಳಿಸುತ್ತ ಹಿಂದೆ ಸರಿಯಿರಿ.

ಯಾರಿಗಾದರೂ ಶಾಕ್ ತಗುಲಿದರೆ ಮೊದಲು ಮೇನ್ ಸ್ವಿಚ್ ಇಳಿಸಿ, 108ಕ್ಕೆ ಕರೆಮಾಡಿ. ವಿದ್ಯುತ್ ಕಡಿತವಾದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ.

ಅಂಗಡಿ, ರೀಲಿಂಗ್ ಘಟಕ, ಪೆಂಡಾಲ್, ನೀರಿನ ಮೋಟರ್‌ಗಳಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿತಗೊಳಿಸುವ ಸ್ವಿಚ್) ಹಾಕಿಸಿ. ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯರನ್ನಲ್ಲ.

ನಗರಸಭೆ, ಪುರಸಭೆ, ಪಂಚಾಯಿತಿ ಮತ್ತು ಬೆಸ್ಕಾಂನವರಲ್ಲಿ: ದೀಪ ನಮ್ಮದು, ಕಂಬ ಅವರದು ಎಂಬ ಮಾತು ಬಿಡಿ. ಮುಂಗಾರಿಗೆ ಮೊದಲು, ಸಂಜೆ ದೀಪ ಹೊತ್ತಿದ ಮೇಲೆ, ಪ್ರತಿ ಲೋಹದ ಕಂಬ, ಫೀಡರ್ ಬಾಕ್ಸ್, ಟ್ರಾನ್ಸ್‌ಫಾರ್ಮರ್ ಬೇಲಿಯನ್ನು ಅಳೆಯಿರಿ. ಕಂಬದಿಂದ ದೂರ ನೆಲಕ್ಕೆ ಪ್ರತ್ಯೇಕ ಸರಳು ಹೊಡೆದು, ಲೋಡ್ ರೆಸಿಸ್ಟರ್ ಸೇರಿಸಿದ ವೋಲ್ಟ್‌ಮೀಟರಿನಲ್ಲೇ ನೋಡಿ. ಬರಿಯ ಡಿಜಿಟಲ್ ಮೀಟರ್ ಇಲ್ಲದ ವೋಲ್ಟೇಜನ್ನೂ ತೋರಿಸುತ್ತದೆ. ನ್ಯೂಯಾರ್ಕಿನಲ್ಲಿ 2004ರಲ್ಲಿ ಬೀದಿಯ ಲೋಹದ ಮುಚ್ಚಳ ತುಳಿದು ಒಬ್ಬ ಮಹಿಳೆ ಸತ್ತ ನಂತರ ಅಲ್ಲಿ ಇಂಥ ಪರೀಕ್ಷೆ ಕಡ್ಡಾಯವಾಯಿತು. ನಮ್ಮ ನಾಲ್ಕು ತಾಲ್ಲೂಕಿನ ಕಂಬಗಳನ್ನು ಈ ಮಳೆಗಾಲಕ್ಕೆ ಮುನ್ನವೇ ಅಳೆದು, ಫಲಿತಾಂಶವನ್ನು ವಾರ್ಡುವಾರು ಕಚೇರಿಯ ಗೋಡೆಗೆ ಹಚ್ಚಿ.